ಚಾರ್ಟು ಮೇಷ್ಟ್ರು

ಬೆಳಿಗ್ಗೆ ಎಂಟೂವರೆ ಒಂಬತ್ತರ ಹೊತ್ತಿಗೆ ಹುಣಸೂರು ಬಸ್ ಸ್ಟ್ಯಾಂಡಿನಲ್ಲಿ ನಿಂತು ನೋಡಿ. ಪಿರಿಯಾಪಟ್ಟಣದ ಕಡೆಗೋ ಎಚ್.ಡಿ.ಕೋಟೆ ಕಡೆಗೋ ಹೊರಟ ಮೇಷ್ಟ್ರುಗಳಲ್ಲಿ ಒಬ್ಬರಾದರೂ ಕಂಕುಳಲ್ಲಿ ಚಾರ್ಟ್ ಶೀಟಿನ ಸುರುಳಿ ಇರುಕಿಕೊಂಡಿರುತ್ತಾರೆ. ಬಸ್ಸಿನಲ್ಲಿ ಅವರ ಪಕ್ಕ ಮಾತ್ರ ನಿಲ್ಲಬೇಡಿ. ಕಂಡಕ್ಟರಿಗೆ ಚಿಲ್ಲರೆ ಕೊಡಲು ತಿರುಗಿದಾಗಲೆಲ್ಲ ಸುರುಳಿಯ ತುದಿ ನಿಮ್ಮ ಕಣ್ಣಿಗೆ ಬರುತ್ತದೆ. ‘ಸಾರಿ ಸಾರ್’ ಅನ್ನುತ್ತಾರೆ. ಅಷ್ಟಕ್ಕೇ ಬಿಡದೆ, ಆ ಚಾರ್ಟಿನಲ್ಲಿ ಮಕ್ಕಳ ಕೈಲಿ ಏನೇನು ಮಾಡಿಸಲಿದ್ದಾರೆ ಎಂಬುದನ್ನು ನಿಮ್ಮ ಊರು ಬರುವ ತನಕ ವಿವರಿಸುತ್ತಾರೆ. ಕಣ್ಣಿಗೆ ಚುಚ್ಚಿದ್ದೇ ವಾಸಿಯಿತ್ತು ಅನ್ನಿಸಿಬಿಡುತ್ತದೆ.

ಈ ಪಂಗಡದವರು ಪ್ರತಿ ಹಿರಿಯ ಪ್ರಾಥಮಿಕ ಶಾಲೆಯಲ್ಲೂ ಒಬ್ಬರಿರುತ್ತಾರೆ. ಇಬ್ಬರಿದ್ದರೆ ಶಾಲೆ ನಡೆಯುವುದಿಲ್ಲ. ಹೆಚ್ಚಾಗಿ ಕನ್ನಡದವರು, ತಪ್ಪಿದರೆ ಸಮಾಜ ವಿಜ್ಞಾನದವರು. ಗಣಿತದವರಿಗೆ ಈ ಕಾಯಿಲೆ ಅಂಟುವುದು ಕಡಿಮೆ. ನಾನು ಗಣಿತದವನು, ಹಾಗಾಗಿ ಯಾವ ಪಕ್ಷಪಾತವೂ ಇಲ್ಲದೆ ಬರೆಯುತ್ತಿದ್ದೇನೆ ಎಂದು ಓದುಗರು ನಂಬಬೇಕು. ನನ್ನ ಪಾಲಿಗೆ ಬಂದ ಕನ್ನಡ ಮೇಷ್ಟ್ರಿಗೆ ಊರಿನವರೇ ‘ಚಾರ್ಟು ಮೇಷ್ಟ್ರು’ ಎಂದು ಹೆಸರಿಟ್ಟಿದ್ದರು. ಅವರ ನಿಜವಾದ ಹೆಸರು ಸಂಬಳದ ಬಿಲ್ಲಿನಲ್ಲಿ ಮಾತ್ರ ಉಳಿದಿತ್ತು.

ಅವರ ಪ್ರತಿ ಮಾತೂ ಶುರುವಾಗುತ್ತಿದ್ದದ್ದು ‘ನಾವು ಕೋಟೇಲಿದ್ದಾಗ’ ಎಂಬಲ್ಲಿಂದ. ಸ್ವಾತಂತ್ರ್ಯ ಹೋರಾಟಗಾರರು ಜೈಲಿನ ದಿನಗಳನ್ನು ನೆನೆಯುವ ಧಾಟಿ. ಕೋಟೆ ಅಂದರೆ ಎಚ್.ಡಿ.ಕೋಟೆ. 1995ರಲ್ಲಿ ಯುನಿಸೆಫ್ ನೆರವಿನಿಂದ ‘ನಲಿ-ಕಲಿ’ ಶುರುವಾದದ್ದು ಆ ತಾಲ್ಲೂಕಿನಲ್ಲೇ. ಅಲ್ಲಿನ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿ ಶಾಲೆಗೆ ಹೋಗಿ ನೋಡಿಕೊಂಡು ಬಂದರು. ಪಠ್ಯಪುಸ್ತಕ ಬಿಚ್ಚಿ ಕಾರ್ಡು ಮಾಡಿದರು. ಕಲಿಕಾ ಏಣಿ, ಮೈಲಿಗಲ್ಲು, ತಟ್ಟೆ ಎಂದೆಲ್ಲ ಕಟ್ಟಿದರು. ಮಕ್ಕಳನ್ನು ಬೆಂಚಿನಿಂದ ಇಳಿಸಿ ನೆಲದ ಮೇಲೆ ಗುಂಪು ಗುಂಪಾಗಿ ಕೂರಿಸಿದರು. ಮೇಲಿನವರು ಹೇಳಿ ಕೆಳಗಿನವರು ಮಾಡುವುದೇ ನಮ್ಮ ಇಲಾಖೆಯ ರೂಢಿ. ಕೆಳಗಿನವರು ಮಾಡಿ ಮೇಲಿನವರು ಒಪ್ಪಿಕೊಂಡ ಅಪರೂಪದ ಪ್ರಸಂಗ ಇದು; 2009-10ರಲ್ಲಿ ಇಡೀ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆ ಹರಡಿತು. ಕೋಟೆಯ ಆ ಮೊದಲ ದಿನಗಳಲ್ಲಿ ಹೊಸದಾಗಿ ನೌಕರಿಗೆ ಸೇರಿದ್ದ ನಮ್ಮವರು ಆ ಕಾರ್ಡುಗಳನ್ನು ಕತ್ತರಿಸಿದವರಲ್ಲಿ ಒಬ್ಬರು. ಅಂದಿನಿಂದ ಕತ್ತರಿ ಕೆಳಗಿಟ್ಟಿಲ್ಲ.

ತಕರಾರು ಇಷ್ಟೇ: ನಲಿ-ಕಲಿ ಇರುವುದು ಒಂದರಿಂದ ಮೂರನೇ ತರಗತಿಯವರಿಗೆ. ಇವರು ಅದನ್ನು ಏಳನೇ ತರಗತಿಯ ಮೀಸೆ ಚಿಗುರಿದ ಹುಡುಗರಿಗೂ ಹಚ್ಚಿದರು. ನಲಿ-ಕಲಿಯಲ್ಲಿ ಚಪ್ಪರ ಅಂತ ಒಂದಿದೆ. ತರಗತಿಯ ಈ ಗೋಡೆಯಿಂದ ಆ ಗೋಡೆಗೆ ದಾರ ಕಟ್ಟಿ ಮಕ್ಕಳು ಬರೆದದ್ದು, ಕತ್ತರಿಸಿದ್ದು, ಅಂಟಿಸಿದ್ದು ಎಲ್ಲವನ್ನೂ ನೇತುಹಾಕುವುದು. ಮಕ್ಕಳ ಎತ್ತರಕ್ಕೆ ಕಟ್ಟಬೇಕೆಂಬುದು ಶಾಸ್ತ್ರ. ನಾನು ಆರಡಿಗೆ ಸ್ವಲ್ಪ ಕಡಿಮೆ ಇರುವ ಮನುಷ್ಯ. ಬೋರ್ಡಿನ ಮೇಲೆ ಲಘುತಮ ಸಾಮಾನ್ಯ ಅಪವರ್ತ್ಯ ಬರೆದು ತಿರುಗಿದರೆ ಹಣೆಗೆ ‘ನನ್ನ ಮೆಚ್ಚಿನ ಹಬ್ಬ’ ತಾಗುತ್ತಿತ್ತು, ಕಿವಿಗೆ ಅರಳಿ ಎಲೆ. ಒಂದು ಸಲ ಜುಟ್ಟಿಗೆ ಸ್ಟೇಪ್ಲರ್ ಪಿನ್ನು ಸಿಕ್ಕಿಕೊಂಡು ಇಡೀ ಪೀರಿಯಡ್ಡು ಒಂದು ನವಿಲನ್ನು ತಲೆಯ ಮೇಲೆ ಹೊತ್ತು ಪಾಠ ಮಾಡಿದೆ. ಅವತ್ತು ಮಕ್ಕಳು ಗಣಿತದಲ್ಲಿ ತೋರಿಸಿದ ಆಸಕ್ತಿಯನ್ನು ಆಮೇಲೆ ಎಂದೂ ತೋರಿಸಲಿಲ್ಲ. ಆ ಸ್ಟೇಪ್ಲರ್ ಕೂಡ ನನ್ನದೇ.

ಚಾರ್ಟಿನ ಬೆನ್ನಿಗೇ ಬರುವ ಪ್ರಾಜೆಕ್ಟು ಎಂಬ ಪೀಡೆಯ ಮೂಲಪುರುಷ ನಮ್ಮವರಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು. 1918ರಲ್ಲಿ ಅಮೆರಿಕದ ಕಿಲ್‌ಪ್ಯಾಟ್ರಿಕ್ ಎಂಬ ಪ್ರೊಫೆಸರು ಇದರ ಬಗ್ಗೆ ಬರೆದರು. ಮೇಷ್ಟ್ರಾಗಲು ಟಿ.ಸಿ.ಎಚ್. ಓದುವಾಗ ಈ ಯೋಜನಾ ಪದ್ಧತಿಯ ಹಂತಗಳನ್ನು ನಾವೆಲ್ಲ ಬಾಯಿಪಾಠ ಮಾಡಿದ್ದೆವು: ಉದ್ದೇಶ, ಯೋಜನೆ, ನಿರ್ವಹಣೆ, ಮೌಲ್ಯಮಾಪನ. ನಾಲ್ಕನ್ನೂ ಮಗುವೇ ಮಾಡಬೇಕು ಅನ್ನುವುದು ಆ ಪುಣ್ಯಾತ್ಮನ ಆಸೆ. ನಮ್ಮ ತಾಲ್ಲೂಕಿಗೆ ಬರುವ ಹೊತ್ತಿಗೆ ಉದ್ದೇಶ ಮೇಷ್ಟ್ರದು, ಯೋಜನೆ ಅಮ್ಮನದು, ನಿರ್ವಹಣೆ ಜೆರಾಕ್ಸ್ ಅಂಗಡಿಯವನದು, ಮಗುವಿನದು ಹೆಸರು ಮಾತ್ರ. ವರ್ಷಕ್ಕೆ ನಾಲ್ಕು ರೂಪಣಾತ್ಮಕ, ಎರಡು ಸಂಕಲನಾತ್ಮಕ ಮೌಲ್ಯಮಾಪನ. ಪ್ರತಿಯೊಂದಕ್ಕೂ ಚಟುವಟಿಕೆ ಬೇಕು, ಪ್ರತಿ ಚಟುವಟಿಕೆಗೂ ದಾಖಲೆ ಬೇಕು, ದಾಖಲೆಯೆಲ್ಲ ಆಯಾ ಮಗುವಿನ ಕೃತಿಸಂಪುಟ ಎಂಬ ಕಡತಕ್ಕೆ ಸೇರಬೇಕು. ಸ್ಟೇಷನರಿ ಅಂಗಡಿಗಳಲ್ಲಿ ರಾಷ್ಟ್ರನಾಯಕರು, ಹೂವುಗಳು, ಸಾರಿಗೆ ಸಾಧನಗಳು ಎಂದು ಚಿತ್ರದ ಹಾಳೆಗಳು ಸಿಗುತ್ತವಲ್ಲ, ಅವುಗಳ ಬೆನ್ನಿಗೆ ನಾಲ್ಕು ಸಾಲು ವಿವರಣೆ ಇರುತ್ತದೆ. ಚಿತ್ರ ಕತ್ತರಿಸಿ ಅಂಟಿಸುವ ಮೊದಲು ಬೆನ್ನನ್ನು ನಕಲು ಮಾಡಿಕೊಂಡರೆ ಪ್ರಬಂಧವೂ ತಯಾರು. ಈಗಂತೂ ಅಷ್ಟು ಶ್ರಮವೂ ಬೇಡ, ಮೊಬೈಲಿಗೆ ಹೇಳಿದರೆ ಅದೇ ಬರೆದುಕೊಡುತ್ತದೆ.

ಇಲ್ಲೇ ನಮ್ಮ ಚಾರ್ಟು ಮೇಷ್ಟ್ರು ಉಳಿದ ಚಾರ್ಟು ಮೇಷ್ಟ್ರುಗಳಿಗಿಂತ ಹೆಚ್ಚು ಅಪಾಯಕಾರಿ. ಅಂಗಡಿಯ ಮಾಲು ಅವರ ಮೂಗಿಗೇ ಗೊತ್ತಾಗುತ್ತಿತ್ತು. ಅಂಥದ್ದು ಬಂದರೆ ಬೈಯುತ್ತಿರಲಿಲ್ಲ. ಇನ್ನೊಂದು ಪ್ರಾಜೆಕ್ಟು ಕೊಡುತ್ತಿದ್ದರು.

ಒಂದು ಆಗಸ್ಟಿನ ಸಂಗತಿ. 20ನೇ ತಾರೀಕು ದೇವರಾಜ ಅರಸು ಜಯಂತಿ. ಅರಸರ ಊರು ಕಲ್ಲಹಳ್ಳಿ ನಮ್ಮ ಹುಣಸೂರು ತಾಲ್ಲೂಕೇ ಆದ್ದರಿಂದ ಇಲ್ಲಿ ಅದು ಮನೆಯ ಹಬ್ಬ. ಏಳನೇ ತರಗತಿಗೆ ‘ಅರಸು ಅವರ ಬಗ್ಗೆ ಬರೆದು ತನ್ನಿ’ ಎಂದರು. ಇಡೀ ತರಗತಿ ಒಂದೇ ಪ್ರಬಂಧ ತಂದಿತು, ಅಲ್ಪವಿರಾಮವೂ ಬದಲಾಗಿರಲಿಲ್ಲ. ಮೇಷ್ಟ್ರು ಎಲ್ಲವನ್ನೂ ಮಡಚಿಟ್ಟು, ‘ಸರಿ, ಇದು ಬೇಡ. ಅರಸು ಭೂಸುಧಾರಣೆ ತಂದರಲ್ಲ, ಅದರಿಂದ ನಿಮ್ಮ ಮನೆಗೆ ಏನಾಯ್ತು? ನಿಮ್ಮ ಹೊಲ ಯಾರದಿತ್ತು, ಹೇಗೆ ಬಂತು, ಈಗ ಪಹಣಿ ಯಾರ ಹೆಸರಲ್ಲಿದೆ? ತಾತನ್ನ ಅಜ್ಜೀನ ಕೇಳ್ಕೊಂಡು ಬನ್ನಿ’ ಎಂದು ಹೇಳಿ, ಮಾರನೇ ದಿನ ತಾವು ಶಿಕ್ಷಕರ ತರಬೇತಿಗೆಂದು ಮೈಸೂರಿನ ಡಯಟ್‌ಗೆ ಹೊರಟುಹೋದರು.

ಪಹಣಿ! ನಮ್ಮ ಕಡೆಯ ಹಳ್ಳಿಯಲ್ಲಿ ಹಾವಿನ ಹುತ್ತಕ್ಕೆ ಕೈ ಹಾಕಬಹುದು, ಪಹಣಿಗೆ ಹಾಕಬಾರದು. ಭೂಸುಧಾರಣಾ ಕಾಯ್ದೆಗೆ 1974ರ ತಿದ್ದುಪಡಿ ಬಂದಾಗ ಗೇಣಿದಾರರು ಏಳನೇ ನಂಬರ್ ಫಾರಂ ತುಂಬಿ, ಭೂ ನ್ಯಾಯಮಂಡಳಿಯ ಮುಂದೆ ನಿಂತು ಪಡೆದದ್ದು ಆ ಮಕ್ಕಳ ಮನೆಗಳ ಜಮೀನು. ಆಗ ಅರ್ಜಿ ಹಾಕಿದ ತಾತಂದಿರು ಕೆಲವರು ಇನ್ನೂ ಇದ್ದಾರೆ. ಯಾರೂ ಕೇಳದ ಕಥೆಯನ್ನು ಮೊಮ್ಮಕ್ಕಳು ಪೆನ್ಸಿಲ್ ಹಿಡಿದು ಕೇಳಿದ್ದೇ ತಡ, ಟ್ರಂಕುಗಳು ತೆರೆದವು. ಗೇಣಿ ರಸೀದಿ, ಆರ್ಡರು, ಕಂದಾಯದ ಪಾವತಿ ಎಲ್ಲ ಹೊರಗೆ ಬಂದವು. ಅವುಗಳ ಜೊತೆ ಪೌತಿ ಖಾತೆ ಮಾಡಿಸುವಾಗ ಯಾರು ಯಾರಿಗೆ ಹೇಳದೆ ಏನು ಮಾಡಿಸಿಕೊಂಡರು ಎಂಬುದೂ ಬಂತು. ಒಬ್ಬ ಹುಡುಗಿ ದುಂಡಗಿನ ಅಕ್ಷರದಲ್ಲಿ ಹೀಗೆ ಬರೆದು ತಂದಿದ್ದಳು: ‘ನಮ್ಮ ತಾತನಿಗೆ ಅರಸು 2 ಎಕರೆ 10 ಗುಂಟೆ ಕೊಟ್ಟರು. ತಾತನಿಗೆ ಇಬ್ಬರು ಮಕ್ಕಳು. ಪಹಣಿಯಲ್ಲಿ ದೊಡ್ಡಪ್ಪನ ಹೆಸರು ಮಾತ್ರ ಇದೆ. ಯಾಕೆ ಎಂದು ದೊಡ್ಡಪ್ಪನನ್ನು ಕೇಳಿದೆ. ದೊಡ್ಡಪ್ಪ ಉತ್ತರ ಕೊಡಲಿಲ್ಲ.’

ಉತ್ತರ ಕೊಡಲು ದೊಡ್ಡಪ್ಪ ನೇರವಾಗಿ ಶಾಲೆಗೇ ಬಂದ. ಹಿಂದೆ ಹುಡುಗಿಯ ಅಪ್ಪ, ಅವನ ಹಿಂದೆ ಇನ್ನೆರಡು ಮನೆಯವರು, ಕೊನೆಗೆ ‘ನಿಮ್ ಮೇಷ್ಟ್ರುಗೆ ಮಾಡಕ್ ಬೇರೆ ಕೇಮೆ ಇಲ್ವಾ ಮಗ’ ಎನ್ನುತ್ತ ಒಬ್ಬ ಅಜ್ಜಿ. ಹೆಡ್‌ಮೇಷ್ಟ್ರು ಮೀಟಿಂಗಿಗೆ ಹೋಗಿದ್ದರು. ಹೆಡ್‌ಮೇಷ್ಟ್ರುಗಳಿಗೆ ಇಂಥ ದಿನಗಳಲ್ಲಿ ಮೀಟಿಂಗು ಇದ್ದೇ ಇರುತ್ತದೆ. ಉಳಿದವನು ನಾನು. ಕುರ್ಚಿ ಹಾಕಿಸಿದೆ, ಟೀ ತರಿಸಿದೆ, ಇದು ಕನ್ನಡದ ವಿಷಯ, ನನಗೆ ಸಂಬಂಧವಿಲ್ಲ ಎಂದೆ. ದೊಡ್ಡಪ್ಪ ಟೀ ಲೋಟ ಕೆಳಗಿಟ್ಟು ಕೇಳಿದ: ‘ಇರ್ಲಿ ಸಾ, ನೀವು ಲೆಕ್ಕದ ಮೇಷ್ಟ್ರು. ನೀವೇ ಯೋಳಿ, ಎರಡೆಕರೆ ಹತ್ತು ಗುಂಟೇನ ಇಬ್ರಿಗೆ ಪಾಲು ಮಾಡುದ್ರೆ ಎಷ್ಟ್ ಬತ್ತದೆ?’

ಇಷ್ಟು ವರ್ಷದ ಅಭ್ಯಾಸ. ಎಕರೆಗೆ ನಲವತ್ತು ಗುಂಟೆ, ಒಟ್ಟು ತೊಂಬತ್ತು, ಅರ್ಧ ನಲವತ್ತೈದು. ‘ಒಂದೆಕರೆ ಐದು ಗುಂಟೆ’ ಎಂದು ಬಾಯಿ ತಾನಾಗಿ ಹೇಳಿಬಿಟ್ಟಿತು. ತಮ್ಮ ಎದ್ದು ನಿಂತು ‘ಕೇಳುಸ್ಕೊಂಡ್ಯಾ? ಮೇಷ್ಟ್ರೇ ಯೋಳುದ್ರು!’ ಎಂದ. ಸರಿಯುತ್ತರ ಹೇಳಿ ಆ ಪರಿ ಬೈಸಿಕೊಂಡ ಗಣಿತ ಶಿಕ್ಷಕ ಈ ಜಿಲ್ಲೆಯಲ್ಲಿ ಇನ್ನೊಬ್ಬನಿರಲಾರ. ತರಬೇತಿ ಮುಗಿಸಿ ಬಂದ ಚಾರ್ಟು ಮೇಷ್ಟ್ರು ನನ್ನ ಸಂಕಟವನ್ನೆಲ್ಲ ಕೇಳಿ, ಕಣ್ಣರಳಿಸಿ, ‘ಸಾರ್, ನೀವೂ ನಮ್ಮ ಪ್ರಾಜೆಕ್ಟಿಗೆ ಸೇರಿಬಿಟ್ರಲ್ಲ! ನಾವು ಕೋಟೇಲಿದ್ದಾಗ ಇದನ್ನೇ ವಿಷಯ ಸಂಯೋಜನೆ ಅಂತಿದ್ವು’ ಎಂದರು.

ಅವರ ಉಳಿದ ಗುಣಗಳನ್ನು ಬೇಗ ಮುಗಿಸುತ್ತೇನೆ. ಕಾಗುಣಿತದ ತಪ್ಪನ್ನು ಕೆಂಪು ಶಾಯಿಯಲ್ಲಿ ತಿದ್ದುತ್ತಿರಲಿಲ್ಲ, ಪಕ್ಕದಲ್ಲಿ ಪೆನ್ಸಿಲಿನಿಂದ ಸರಿಯಾದದ್ದನ್ನು ಸಣ್ಣಗೆ ಬರೆಯುತ್ತಿದ್ದರು. ರಟ್ಟಿನ ಡಬ್ಬ, ಔಷಧಿ ಬಾಟಲಿ, ಮದುವೆ ಕಾಗದ ಯಾವುದನ್ನೂ ಎಸೆಯಲು ಬಿಡುತ್ತಿರಲಿಲ್ಲ. ಥರ್ಮಾಕೋಲಿನಲ್ಲಿ ಕಬಿನಿ ಅಣೆಕಟ್ಟು ಮಾಡಿಸಿ, ನೀರು ಬಿಟ್ಟು, ಸ್ಟಾಫ್ ರೂಮಿನ ಅಂಕಪಟ್ಟಿಗಳನ್ನು ಮುಳುಗಡೆ ಪ್ರದೇಶ ಮಾಡಿದರು. ಗೋಡೆ ಪತ್ರಿಕೆಗೆ ಸಂದರ್ಶನ ಬೇಕೆಂದು ಇಬ್ಬರು ಹುಡುಗಿಯರನ್ನು ನನ್ನ ಬಳಿ ಕಳಿಸಿದರು. ‘ಸಾರ್, ನೀವು ಯಾಕೆ ಮೇಷ್ಟ್ರಾದ್ರಿ?’ ಎಂದು ಕೇಳಿದರು. ಏನೋ ಕೆಲಸದಲ್ಲಿದ್ದೆ, ‘ಟಿ.ಸಿ.ಎಚ್. ಸೀಟು ಸಿಕ್ತು, ಆದೆ’ ಎಂದೆ. ಅಷ್ಟನ್ನೇ ದಪ್ಪಕ್ಷರದಲ್ಲಿ ಬರೆದು ಅಂಟಿಸಿದರು. ಶಾಲೆ ನೋಡಲು ಬಂದ ಸಿ.ಆರ್.ಪಿ. ಅದನ್ನು ಎರಡು ಸಲ ಓದಿ, ನನ್ನನ್ನು ಒಂದು ಸಲ ನೋಡಿದರು.

ಅದೇ ಗೋಡೆಯಲ್ಲಿ ಇನ್ನೊಂದು ಹಾಳೆ ಬಂತು. ಹುಣಸೂರು, ಪಿರಿಯಾಪಟ್ಟಣದ ಕಡೆ ಮಳೆಗಾಲದ ನಡುವೆ ಹೊಗೆಸೊಪ್ಪು ಹದ ಮಾಡುವ ಬ್ಯಾರನ್ನುಗಳ ಒಲೆ ಹತ್ತುತ್ತದೆ. ಸೊಪ್ಪು ಕಡ್ಡಿಗೆ ಕಟ್ಟಿ ಒಳಗೆ ಏರಿಸಿದ ಮೇಲೆ ಕೆಲವು ದಿನ ಹಗಲು ರಾತ್ರಿ ಉರಿ ಆರಬಾರದು. ಬಿಸಿಯನ್ನು 100 ಡಿಗ್ರಿ ಫ್ಯಾರನ್‌ಹೀಟ್ ಆಸುಪಾಸಿನಿಂದ 160ರ ತನಕ ಹಂತ ಹಂತವಾಗಿ ಏರಿಸಬೇಕು. ಅವಸರ ಮಾಡಿದರೆ ಬಣ್ಣ ಕೆಡುತ್ತದೆ, ಹರಾಜಿನಲ್ಲಿ ರೇಟು ಬೀಳುತ್ತದೆ. ಹಾಗಾಗಿ ಥರ್ಮಾಮೀಟರಿನ ಮುಂದೆ ಯಾರಾದರೂ ಎದ್ದಿರಲೇಬೇಕು. ‘ನಿಮ್ಮ ಮನೆಯಲ್ಲಿ ರಾತ್ರಿ ಎಚ್ಚರ ಇರುವವರು ಯಾರು?’ ಎಂಬ ಪ್ರಾಜೆಕ್ಟಿಗೆ ಹಿಂದಿನ ಬೆಂಚಿನ ಒಬ್ಬ ಹುಡುಗ ಅರ್ಧ ಹಾಳೆ ಬರೆದಿದ್ದ: ‘11 ಗಂಟೆಗೆ 118. ಅಪ್ಪ ಮಲಗಿತು. 1 ಗಂಟೆಗೆ 120. ಸೌದೆ ಹಾಕಿದೆ. 3 ಗಂಟೆಗೆ 123. ಅಪ್ಪ ಎದ್ದಿತು. ನಾನು ಮಲಗಿದೆ.’ ಹೊಗೆಸೊಪ್ಪಿನ ಪ ಒತ್ತು ಎಲ್ಲೂ ಇರಲಿಲ್ಲ. ಫ್ಯಾರನ್‌ಹೀಟ್ ಎಂದೂ ಬರೆದಿರಲಿಲ್ಲ. ಆದರೆ ಅಂಕಿಗಳು ಸಾಲಾಗಿ, ಒಂದರ ಕೆಳಗೊಂದು ನೆಟ್ಟಗೆ ನಿಂತಿದ್ದವು. ಗಣಿತದ ನೋಟ್‌ಬುಕ್ಕಿನಲ್ಲಿ ಅವನು ಹಾಗೆ ಬರೆದದ್ದೇ ಇಲ್ಲ.

ಹೆಡ್‌ಮೇಷ್ಟ್ರು ಓದಿ ಬೆವೆತರು. ‘ರೀ, ಹಾಜರಿ ಪುಸ್ತಕದಲ್ಲಿ ಈ ಹುಡುಗ ದಿನಾ ಬಂದಿದ್ದಾನೆ. ಗೋಡೆ ಮೇಲೆ ಬ್ಯಾರನ್ ಮುಂದೆ ಕೂತಿದ್ದಾನೆ. ಯಾರಾದ್ರೂ ಬಾಲಕಾರ್ಮಿಕ ಅಂದ್ರೆ ಯಾರ್ರೀ ಉತ್ತರ ಕೊಡೋರು? ತೆಗೀರಿ ಅದನ್ನ.’ ಚಾರ್ಟು ಮೇಷ್ಟ್ರು ತೆಗೆಯಲಿಲ್ಲ. ‘ಎರಡೂ ನಿಜ ಸಾರ್’ ಎಂದರು. ಎರಡೂ ನಿಜವೇ. ರಾತ್ರಿ ಬ್ಯಾರನ್ನು, ಬೆಳಿಗ್ಗೆ ಶಾಲೆ, ಮೊದಲ ಪೀರಿಯಡ್ಡಿನಲ್ಲಿ ನಿದ್ದೆ. ಮೊದಲ ಪೀರಿಯಡ್ಡು ನನ್ನದು. ನನ್ನ ಪಾಠಕ್ಕೇ ನಿದ್ದೆ ಬರುತ್ತದೆ ಅಂದುಕೊಂಡು ಅವನನ್ನು ನಾನು ಎಬ್ಬಿಸುತ್ತಿದ್ದ ರೀತಿಯನ್ನು ಇಲ್ಲಿ ಬರೆಯುವುದಿಲ್ಲ. ಆ ವಾರವೇ ಚಾರ್ಟು ಮೇಷ್ಟ್ರು ಸಂಜೆ ಸೈಕಲ್ ಹತ್ತಿ ಬ್ಯಾರನ್ನಿಗೆ ಹೋಗಿ ಹುಡುಗನ ಅಪ್ಪನ ಜೊತೆ ಮಾತಾಡಿ ಬಂದರು. ಏನು ಮಾತಾಡಿದರೋ ಹೇಳಲಿಲ್ಲ. ಹುಡುಗ ರಾತ್ರಿ ಹತ್ತಕ್ಕೆ ಮಲಗತೊಡಗಿದ. ಹಾಳೆ ಗೋಡೆಯಿಂದ ಇಳಿದು ಕೃತಿಸಂಪುಟ ಸೇರಿತು. ನಮ್ಮ ವೇಳಾಪಟ್ಟಿಯಲ್ಲಿ ಗಣಿತ ಮೂರನೇ ಪೀರಿಯಡ್ಡಿಗೆ ಹೋಯಿತು. ಅದನ್ನು ಬದಲಿಸಿದವನು ನಾನೇ, ಕಾರಣ ಯಾರಿಗೂ ಹೇಳಿಲ್ಲ.

ವರ್ಗಾವಣೆಯ ಕೌನ್ಸೆಲಿಂಗಿನಲ್ಲಿ ಅವರು ತಮ್ಮ ಸ್ವಂತ ಊರಿಗೆ ಹತ್ತಿರವೆಂದು ಕೆ.ಆರ್.ನಗರ ತಾಲ್ಲೂಕು ತೆಗೆದುಕೊಂಡು ಹೋದರು. ನನ್ನ ತಲೆಗೆ ಈಗ ಏನೂ ತಾಗುವುದಿಲ್ಲ. ಹೊಸದಾಗಿ ಬಂದ ಕನ್ನಡದವರು ಬಹಳ ಸಭ್ಯರು, ಗೈಡು ನೋಡಿ ಪ್ರಶ್ನೋತ್ತರ ಬರೆಸುತ್ತಾರೆ, ಸ್ಟಾಫ್ ರೂಮಿಗೆ ಯಾರೂ ಜಗಳಕ್ಕೆ ಬರುವುದಿಲ್ಲ.

ಕೆ.ಆರ್.ನಗರದ ಕಡೆಯವರಿಗೆ ಒಂದು ಮಾತು ಹೇಳಿಬಿಡುತ್ತೇನೆ. ನಿಮ್ಮದು ಕಾವೇರಿ ಪ್ರವಾಹದ ಕಾಟಕ್ಕೆ ಹಳೇ ಎಡತೊರೆ ಬಿಟ್ಟು ಹೊಸದಾಗಿ ಕಟ್ಟಿಕೊಂಡ ಊರು. ಇದು ಆ ಮೇಷ್ಟ್ರಿಗೆ ತಿಳಿದ ಮೇಲೆ ಮಕ್ಕಳು ಪೆನ್ಸಿಲ್ ಹಿಡಿದು ನಿಮ್ಮ ಬಾಗಿಲಿಗೆ ಬಂದೇ ಬರುತ್ತಾರೆ. ಬೈಯಬೇಡಿ, ಗೊತ್ತಿದ್ದಷ್ಟು ಹೇಳಿ ಕಳಿಸಿ. ಪಹಣಿಯ ಪ್ರಾಜೆಕ್ಟೂ ಬರಬಹುದು. ಅಣ್ಣತಮ್ಮಂದಿರು ಮೊದಲೇ ಕೂತು ಮಾತಾಡಿಕೊಂಡಿರುವುದು ಒಳ್ಳೆಯದು, ನಿಮ್ಮೂರ ಗಣಿತದ ಮೇಷ್ಟ್ರು ಬದುಕಿಕೊಳ್ಳುತ್ತಾರೆ. ಮತ್ತೆ, ಅವರ ಬ್ಯಾಗಿನಲ್ಲಿ ನೀಲಿ ಬಣ್ಣದ್ದೊಂದು ಸ್ಟೇಪ್ಲರ್ ಇದೆ. ಅದು ನನ್ನದು. ಹುಣಸೂರಿಗೆ ಬರುವವರು ಯಾರಾದರೂ ಇಸಿದುಕೊಂಡು ಬಂದರೆ ಉಪಕಾರವಾಗುತ್ತದೆ.