ಓಬವ್ವನ ಗೇಮು: ಬಳಕೆದಾರರ ಕೈಪಿಡಿ

ಆನ್‌ಲೈನ್ ವಿಡಿಯೋ ಕೋರ್ಸು ನೋಡಿ ಗೇಮ್ ಮಾಡಲು ಹೊರಟಿರುವ ದುರ್ಗದ ಸೀಮೆಯವರಿಗಾಗಿ ಈ ಕೈಪಿಡಿ. ಮದಕರಿಪುರ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಎಲ್ಲ ಕಡೆಯೂ ಕೆಲಸ ಮಾಡುತ್ತದೆ, ಕರೆಂಟಿದ್ದರೆ. ಗುಡ್ಡದ ಮೇಲೆ ಗಾಳಿಯಂತ್ರ ತಿರುಗುತ್ತಿರುವುದನ್ನು ಮನೆಯಲ್ಲಿ ಕರೆಂಟಿದೆ ಎಂಬುದಕ್ಕೆ ಪುರಾವೆಯಾಗಿ ಪರಿಗಣಿಸತಕ್ಕದ್ದಲ್ಲ.

ಬೇಕಾಗುವ ಸಾಮಾನು

ಲ್ಯಾಪ್‌ಟಾಪು, ಇಯರ್‌ಫೋನು, "ಇದೂ ಓದೇ" ಎಂದು ಮನೆಯವರಿಗೆ ಹೇಳುವ ಧೈರ್ಯ. ತಂತ್ರಾಂಶ ಗೊಡೊ ಇರಲಿ. ಅರ್ಜೆಂಟೀನಾದ ಇಬ್ಬರು ಕಟ್ಟಿ, 2014ರಲ್ಲಿ ಲೋಕಕ್ಕೆಲ್ಲ ಬಿಟ್ಟುಕೊಟ್ಟದ್ದು; ಕಾಸು ಕೇಳುವುದಿಲ್ಲ. ಹೆಸರು ಬೆಕೆಟ್ಟನ ನಾಟಕದಲ್ಲಿ ಎಷ್ಟು ಕಾದರೂ ಬಾರದವನದು. ಗಾಬರಿ ಬೇಡ, ಡೌನ್‌ಲೋಡ್ ಬೇಗನೇ ಮುಗಿಯುತ್ತದೆ. ಯೂನಿಟಿಯೂ ಆದೀತು. ಆದರೆ 2023ರಲ್ಲಿ ಆ ಕಂಪನಿ, ಒಂದು ಮಿತಿ ದಾಟಿದ ಗೇಮುಗಳು ಇನ್‌ಸ್ಟಾಲ್ ಲೆಕ್ಕದಲ್ಲಿ ದುಡ್ಡು ಕಟ್ಟಬೇಕು ಎಂದಿತು. ಗೇಮ್ ಮಾಡುವವರು ತಿರುಗಿಬಿದ್ದ ಮೇಲೆ ಮರುವರ್ಷ ಅದನ್ನು ಕೈಬಿಟ್ಟಿತು.

ಕೋರ್ಸ್ ಖರೀದಿ

"ಈ ರಿಯಾಯಿತಿ ಇವತ್ತೇ ಕೊನೆ" ಎಂದಿರುತ್ತದೆ. ನಾಳೆಯೂ ಕೊನೆಯೇ, ಆತುರ ಬೇಡ. ಒಂದೇ ಕೊಳ್ಳಿ. ಐದು ಕೊಂಡು ಯಾವುದರ ಪೀಠಿಕೆಯನ್ನೂ ಮುಗಿಸದಿರುವುದು ಈ ವಿದ್ಯೆಯ ರೂಢಿ. ದರಕ್ಕಿಂತ ಮೊದಲು ವರ್ಷ ನೋಡಿ. 2023ರ ಮಾರ್ಚಿನಲ್ಲಿ ಗೊಡೊ 4 ಬಂತು. ಅದಕ್ಕೂ ಹಳೆಯ ವಿಡಿಯೋದ ಮೇಷ್ಟ್ರು "ಕೈನೆಮ್ಯಾಟಿಕ್ ಬಾಡಿ ಆರಿಸಿ" ಎನ್ನುತ್ತಾರೆ. ನಿಮ್ಮ ಪಟ್ಟಿಯಲ್ಲಿ ಅದಿಲ್ಲ, ಈಗ ಅದು ಕ್ಯಾರೆಕ್ಟರ್ ಬಾಡಿ. ನೀವು ಹುಡುಕಿ ಮುಗಿಸುವಷ್ಟರಲ್ಲಿ ಮೇಷ್ಟ್ರು ಮೂರು ಪಾಠ ದಾಟಿರುತ್ತಾರೆ.

ಚಾಲನೆ

ಮೊದಲ ಸಲ ಪ್ಲೇ ಒತ್ತಿದಾಗ ನಿಮ್ಮ ನಾಯಕಿ ನೆಲ ಸೀಳಿಕೊಂಡು ಪಾತಾಳಕ್ಕೆ ಇಳಿಯುತ್ತಾಳೆ. ಕೊಲಿಷನ್ ಶೇಪ್ ಹಾಕಿಲ್ಲ. ಪಟ್ಟಿಯ ಪಕ್ಕದ ಹಳದಿ ತ್ರಿಕೋನ ಆಗಿನಿಂದಲೂ ಅದನ್ನೇ ಹೇಳುತ್ತಿತ್ತು. ಇನ್ನು ಜಿಗಿತ: ಮಾದರಿ ಕೋಡಿನಲ್ಲಿ ಅದರ ವೇಗ ಮೈನಸ್ 400. ಮೇಲೆ ಹೋಗಲು ಮೈನಸ್ ಯಾಕೆ? ಪರದೆಯ ಮೇಲೆ ವೈ ಅಕ್ಷ ಕೆಳಮುಖ. ಎಷ್ಟೋ ಮೇಷ್ಟ್ರು ಇದನ್ನು ಹೇಳದೆಯೇ ಮೈನಸ್ ಒತ್ತುತ್ತಾರೆ, ನೀವೂ ಒತ್ತುತ್ತೀರಿ, ಅವಳು ಹಾರುತ್ತಾಳೆ, ಕಲಿತೆವೆಂದು ಎಲ್ಲರಿಗೂ ಖುಷಿ.

ಕೋರ್ಸು ಮುಗಿದಾಗ ಮೇಷ್ಟ್ರ ಬಳಿ ಒಂದು ನರಿ, ಹಸಿರು ಹುಲ್ಲು, ಉದುರುವ ನಾಣ್ಯ. ನಿಮ್ಮ ಬಳಿಯೂ ಅದೇ ನರಿ. ಇದು ಕಾಪಿ ಪುಸ್ತಕದ ಮೇಲೆ ಅಕ್ಷರ ತಿದ್ದಿದಂತೆ. ಆದ್ದರಿಂದ ಇಲ್ಲಿ ವಿಡಿಯೋ ನಿಲ್ಲಿಸಿ, ಕೋಟೆ ಹತ್ತಿ, ಓಬವ್ವನ ಕಿಂಡಿಯ ಮುಂದೆ ನಿಲ್ಲಿ.

ಬಂಡೆಗಳ ನಡುವೆ ಒಬ್ಬ ಮಾತ್ರ ತೆವಳಿ ನುಸುಳುವಷ್ಟು ಜಾಗ. ಹೈದರಾಲಿಯ ಸೈನಿಕರು ಒಬ್ಬೊಬ್ಬರಾಗಿ ತಲೆ ಹಾಕಿದರು, ಓಬವ್ವ ಒನಕೆಯಿಂದ ಹೊಡೆದಳು. ಇಷ್ಟು ಎಲ್ಲ ಕೋರ್ಸಿನಲ್ಲೂ ಇದೆ: ಟೈಮರ್ ಇಡಿ, ಶತ್ರುವನ್ನು ಹುಟ್ಟಿಸಿ, ತಾಗಿದರೆ ಅಳಿಸಿ. ಆದರೆ ಕಥೆಯಲ್ಲಿ ಅಳಿಸುವ ಸೌಲಭ್ಯ ಇಲ್ಲ. ಹೆಣವನ್ನು ಪಕ್ಕಕ್ಕೆ ಎಳೆಯಬೇಕು, ಇಲ್ಲವಾದರೆ ಹಿಂದಿನವನಿಗೆ ಅನುಮಾನ ಬರುತ್ತದೆ. ಆಟದ ಬಿಗಿ ಇರುವುದೇ ಈ ಎಳೆತದಲ್ಲಿ: ಹೊಡೆದು, ಎಳೆದು, ಮುಂದಿನ ತಲೆ ಕಾಣುವ ಮೊದಲು ಸದ್ದಿಲ್ಲದೆ ನಿಲ್ಲಬೇಕು. ಎಳೆಯುವಾಗ ಓಟದ ವೇಗ 300 ಇದ್ದದ್ದು ಎಷ್ಟಕ್ಕೆ ಇಳಿಯಬೇಕು? ಯಾವ ವಿಡಿಯೋದಲ್ಲೂ ಇಲ್ಲ. ನೂರಕ್ಕೆ ಇಳಿಸಿ ನೋಡಿ, ಸರಿಯಿಲ್ಲದಿದ್ದರೆ ಬದಲಾಯಿಸಿ. ನನ್ನ ಪ್ರಕಾರ ಕೋರ್ಸ್ ಶುರುವಾಗುವುದೇ ಇಲ್ಲಿ.

ಕೊನೆಯೂ ತೊಡಕಿನದೇ. ಗಂಡ ಮುದ್ದಹನುಮ ಊಟ ಮುಗಿಸಿ ಬಂದು ಕಹಳೆ ಊದುತ್ತಾನೆ, ಕಾವಲಿನವರು ಓಡಿಬರುತ್ತಾರೆ, ಶತ್ರುಗಳು ಹಿಮ್ಮೆಟ್ಟುತ್ತಾರೆ, ಓಬವ್ವ ಉಳಿಯುವುದಿಲ್ಲ. ಗೆದ್ದಾಗಲೂ ಆಟಗಾರ್ತಿ ಸಾಯುವ ಗೇಮಿಗೆ ಮೇಷ್ಟ್ರು ಕಲಿಸಿದ "ಯೂ ವಿನ್" ಫಲಕ ಹೊಂದುವುದಿಲ್ಲ. (ಎರಡನೇ ಭಾಗದ ಆಸೆಯೂ ಬೇಡ. ಕೋಟೆ 1779ರಲ್ಲಿ ಬಿತ್ತು.)

ದೋಷ ನಿವಾರಣೆ

ಫಲಕದಲ್ಲಿ "ಓಬವ್ವ" ಎಂದು ಬರೆದದ್ದು ಒತ್ತಕ್ಷರ ಕಳಚಿ, ವಕಾರದ ಪಕ್ಕಕ್ಕೆ ಇನ್ನೊಂದು ವಕಾರವಾಗಿ ನಿಂತಿದೆಯೇ? ಗೊಡೊ 3ರಲ್ಲಿದ್ದೀರಿ. 4ಕ್ಕೆ ಬಂದು ಒಳ್ಳೆಯ ಕನ್ನಡ ಫಾಂಟು ಸೇರಿಸಿ, ಒತ್ತು ತನ್ನ ಜಾಗಕ್ಕೆ ಇಳಿಯುತ್ತದೆ.

ಕೋರ್ಸಿನಲ್ಲಿ ಇನ್ನೂ ಹನ್ನೊಂದು ತಾಸಿನ ಮಲ್ಟಿಪ್ಲೇಯರ್ ಭಾಗ ಬಾಕಿ ಇದ್ದರೆ ನೋಡಬೇಕಾಗಿಲ್ಲ. ಕಿಂಡಿಯಲ್ಲಿ ಒಬ್ಬರಿಗಷ್ಟೇ ಜಾಗ.