ಟ್ರಕ್ಕಣ್ಣನ ಹಿಮಪರ್ವ

ಡೆನ್ವರ್ ಸುತ್ತಮುತ್ತ ಯಾವ ಕನ್ನಡಿಗರ ಮನೆಯಲ್ಲಿ ಊಟವಿದ್ದರೂ, ಟ್ರಕ್ಕಣ್ಣ ಬಂದಿದ್ದಾನೋ ಇಲ್ಲವೋ ಎಂದು ಒಳಗೆ ಹೋಗಿ ನೋಡಬೇಕಾಗಿಲ್ಲ. ಬೀದಿಯಲ್ಲಿ ನಿಂತ ಗಾಡಿಗಳನ್ನು ನೋಡಿದರೆ ಸಾಕು. ಉಳಿದವರ ಮರ್ಯಾದಸ್ಥ ಕಾರುಗಳ ನಡುವೆ ಒಂದು ಟೊಯೋಟಾ ಟಕೋಮಾ ಅರ್ಧ ಫುಟ್‌ಪಾತ್ ಹತ್ತಿ ನಿಂತಿರುತ್ತದೆ. ಪಕ್ಕೆಯಲ್ಲಿ ಕಿತ್ತಳೆ ಬಣ್ಣದ ಎರಡು ಹಲಗೆ, ನೆತ್ತಿಯ ಮೇಲೆ ಸಾಲು ದೀಪ, ಹಿಂದೆ ಕೊಡಲಿ, ಸಲಿಕೆ, ಕೆಂಪು ಡಬ್ಬಿಗಳು. ಈತ ನಾಳೆ ಮುಂಜಾನೆ ಅಲಾಸ್ಕಾಕ್ಕೆ ಹೊರಟಿದ್ದಾನೆಂದು ನೋಡಿದವರಿಗೆ ಅನ್ನಿಸಬೇಕು. ಹೊರಡುವುದು ಮಗನ ಈಜು ಕ್ಲಾಸಿಗೆ. ಟ್ರಕ್ಕಣ್ಣ ಹೊಟ್ಟೆಪಾಡಿಗೆ ಡೇಟಾಬೇಸ್ ನೋಡಿಕೊಳ್ಳುತ್ತಾನೆ.

ಮಾತು ಶುರುವಾದರೆ ಕಾನೂನಿನಿಂದಲೇ ಶುರು. ಮಾರಿಸನ್‌ನಿಂದ ಡಾಟ್ಸೆರೊವರೆಗೆ ಐ-70 ಹೆದ್ದಾರಿಯಲ್ಲಿ ಸೆಪ್ಟೆಂಬರ್ 1ರಿಂದ ಮೇ 31ರ ತನಕ ಟೈರಿನ ಗೀರು 3/16 ಇಂಚಾದರೂ ಇರಬೇಕು ಎಂಬ ನಿಯಮ ಅವನಿಗೆ ಬಾಯಿಪಾಠ. ಪಾಯಸ ಬಡಿಸುವ ಹೊತ್ತಿಗೆ ಎಳೆಯುವ ಹಗ್ಗದ ಅಧ್ಯಾಯ. ಸಿಕ್ಕಿಕೊಂಡ ಗಾಡಿ ಎಳೆಯುವಾಗ ಹಗ್ಗವನ್ನು ಟ್ರೇಲರ್ ಸಿಕ್ಕಿಸುವ ಗುಂಡಿಗೆ ಕಟ್ಟಬಾರದು. ಅದು ಕಿತ್ತು ಗುಂಡಿನಂತೆ ಹಾರಿ ಜನ ಸತ್ತದ್ದಿದೆ. ಅವನು ಹೇಳುವುದರಲ್ಲಿ ತಪ್ಪು ಹುಡುಕುವ ಹಾಗಿಲ್ಲ, ಅದೇ ನಮ್ಮ ಕಷ್ಟ. ಎಲ್ಲ ಗೊತ್ತು. ಒಣ ಡಾಂಬರಿನ ಮೇಲೆ ಫೋರ್ ವೀಲ್ ಹಾಕಬಾರದು, ತಿರುವಿನಲ್ಲಿ ಮುಂದಿನ ಚಕ್ರ ಹಿಂದಿನ ಚಕ್ರ ಬೇರೆ ಬೇರೆ ದೂರ ಓಡಬೇಕಾಗುತ್ತದೆ, ಗೇರುಗಳು ಒಂದಕ್ಕೊಂದು ಬಿಗಿದುಕೊಳ್ಳುತ್ತವೆ ಎನ್ನುವುದನ್ನು ನಮಗೆ ಹೇಳಿಕೊಟ್ಟವನೇ ಅವನು. ಆದರೆ ತಿರುಗಿಸಲು ಒಂದು ಗುಬ್ಬಿ ಇದೆ ಎಂದ ಮೇಲೆ ತಿರುಗಿಸದೆ ಇರುವುದು ಹೇಗೆ? ಇಂಡಿಯನ್ ಅಂಗಡಿಯ ಪಾರ್ಕಿಂಗಿನಲ್ಲಿ ಗಾಡಿ ನರಳುತ್ತ, ಕುಪ್ಪಳಿಸುತ್ತ ತಿರುಗಿದರೆ, ‘ಕೇಳ್ತಾ ಇದ್ಯಾ ಗುರು, ಪವರ್ರು’ ಅನ್ನುತ್ತಾನೆ.

ಚಳಿಗಾಲ ಅವನ ಸುಗ್ಗಿ. 13,114 ಅಡಿ ಎತ್ತರದ ಇಮೊಜಿನ್ ಪಾಸ್‌ನಂಥ ದೊಡ್ಡ ಘಟ್ಟದ ದಾರಿಗಳು ಬೇಸಿಗೆಯ ತನಕ ಹಿಮದಡಿ ಮುಚ್ಚಿರುತ್ತವೆ. ಹಾಗಾಗಿ ಅವುಗಳ ಬಗ್ಗೆ ಧೈರ್ಯವಾಗಿ ಮಾತಾಡಬಹುದು. ಮಾತಾಡುತ್ತ ಸಾಮಾನು ತರಿಸಬಹುದು. ಇಲ್ಲೇ ಟ್ರಕ್ಕಣ್ಣನ ಕೀಲಿರುವುದು ಎಂದು ನನ್ನ ಅಂದಾಜು: ಹಿಮದಲ್ಲಿ ಗಾಡಿಯನ್ನು ಕಾಪಾಡುವ ಉಪಾಯಗಳಲ್ಲಿ ಒಳ್ಳೆಯವೆಲ್ಲ ಬಿಟ್ಟಿ ಸಿಗುತ್ತವೆ, ಬಿಟ್ಟಿ ಸಿಕ್ಕಿದ್ದರ ಮೇಲೆ ಅವನಿಗೆ ಭಕ್ತಿ ಇಲ್ಲ. ಟೈರಿನ ಗಾಳಿ ಇಳಿಸಿದರೆ ರಬ್ಬರು ಅಗಲವಾಗಿ ಹಿಮದ ಮೇಲೆ ಕೂರುತ್ತದೆ, ಅದಕ್ಕೆ ಖರ್ಚಿಲ್ಲ. ಅನುಮಾನದ ಜಾಗದಲ್ಲಿ ಇಳಿದು ನಾಲ್ಕು ಹೆಜ್ಜೆ ನಡೆದು ನೋಡುವುದಕ್ಕೂ ಖರ್ಚಿಲ್ಲ. ವಾಪಸ್ ಬರುವುದಂತೂ ಎಲ್ಲಕ್ಕಿಂತ ಅಗ್ಗ, ಆದ್ದರಿಂದ ಅದರ ಹೆಸರೆತ್ತುವಂತಿಲ್ಲ. ನಿಜ ಹೇಳಬೇಕೆಂದರೆ ಅವನಿಗೆ ಬೆಟ್ಟ ಹತ್ತುವುದು ಬೇಕಿಲ್ಲ. ಸಿಕ್ಕಿಹಾಕಿಕೊಳ್ಳಬೇಕು, ಇಷ್ಟು ದುಡ್ಡು ಸುರಿದ ಸಾಮಾನು ಒಮ್ಮೆ ಕೆಲಸಕ್ಕೆ ಬರಬೇಕು.

ಕಳೆದ ಜನವರಿಯಲ್ಲಿ ಆ ಯೋಗ ಕೂಡಿಬಂತು. ಮೊಮ್ಮಗನನ್ನು ನೋಡಲು ಮೂಡಿಗೆರೆ ಕಡೆಯ ತೋಟದ ಮನೆಯಿಂದ ಅವನ ಅಮ್ಮ ಬಂದಿದ್ದರು. ‘ಒಬ್ಬರೇ ಹೋಗಬೇಡಿ ರೀ, ಅತ್ತೆನಾದ್ರೂ ಕರ್ಕೊಂಡು ಹೋಗಿ’ ಎಂದು ಹೆಂಡತಿ ಅಪ್ಪಣೆ ಕೊಟ್ಟಳು. ಅಮ್ಮ ಶಾಲು, ಸ್ವೆಟರು, ಮಂಕಿ ಕ್ಯಾಪು ಹಾಕಿ ಮುಂದಿನ ಸೀಟಿನಲ್ಲಿ ಕೂತರು. ಹಿಂದೆ ಕಂಪ್ರೆಸರಿನ ಪೆಟ್ಟಿಗೆಯ ಪಕ್ಕದಲ್ಲಿ ನಾನು.

ದಾರಿ ಸ್ವಿಟ್ಜರ್ಲೆಂಡ್ ಟ್ರೇಲ್. ಹೆಸರಿಗೆ ಹೆದರಬೇಡಿ, ಇರುವುದು ಬೌಲ್ಡರ್ ಪಟ್ಟಣದ ಪಶ್ಚಿಮದ ಗುಡ್ಡಗಳಲ್ಲಿ. ಒಂದು ಕಾಲಕ್ಕೆ ಗಣಿ ಊರುಗಳಿಗೆ ನ್ಯಾರೋಗೇಜ್ ರೈಲು ಹೋಗುತ್ತಿದ್ದ ದಾರಿ. 1919ರಲ್ಲಿ ರೈಲು ನಿಂತಿತು, ದಾರಿ ಉಳಿಯಿತು. ರೈಲಿಗೆಂದು ಕಡಿದದ್ದಾದ್ದರಿಂದ ಏರು ಸಾಧು. ಕಲಿಯುವವರಿಗೆ ಹೇಳಿ ಮಾಡಿಸಿದ ಜಾಗ. ಬಿಸಿಲು ಬೀಳುವ ಕಡೆ ಬರೀ ಕಲ್ಲು, ಕೆಸರು. ಟ್ರಕ್ಕಣ್ಣನ ಮುಖ ಸಣ್ಣಗಾಯಿತು. ‘ಇಷ್ಟೇನಾ?’ ಎಂದು ಗೊಣಗಿದ.

ಇಷ್ಟೇ ಆಗಿರಲಿಲ್ಲ. ಗುಡ್ಡದ ನೆರಳಿಗೆ ತಿರುಗಿದೊಡನೆ ಗಾಳಿ ತಂದು ಗುಡ್ಡೆ ಹಾಕಿದ ಹಿಮ ದಾರಿಗೆ ಅಡ್ಡ ಮಲಗಿತ್ತು.

‘ಇಳಿದು ನೋಡೋ ಮಾರಾಯ’ ಅಂದರು ಅಮ್ಮ.

‘ಫೋರ್-ಲೋ ಇದೆಯಮ್ಮ.’

ಫೋರ್-ಲೋ ಎಂಬ ನಿಧಾನದ ಗೇರು ಗಾಡಿಯನ್ನು ಹಿಮದ ನಟ್ಟನಡುವೆ ಕೊಂಡೊಯ್ದು ಬಿಟ್ಟಿತು. ಟ್ರಕ್ಕಿನ ಹೊಟ್ಟೆ ಹಿಮದ ಮೇಲೆ ಕೂತಿತು. ಚಕ್ರ ನಾಲ್ಕೂ ತಿರುಗಿ ತಿರುಗಿ ತಮ್ಮ ಕೆಳಗಿನ ಹಿಮವನ್ನು ತಾವೇ ಕರಗಿಸಿ ಗಾಜು ಮಾಡಿಕೊಂಡವು. ಪಿಕಪ್ಪಿನ ಹಿಂಭಾಗ ಖಾಲಿಯಿದ್ದರೆ ಹಗುರ. ಅದಕ್ಕೇ ಇಲ್ಲಿಯವರು ಚಳಿಗಾಲದಲ್ಲಿ ಹಿಂದಿನ ಅಚ್ಚಿನ ಮೇಲೆ ಮರಳಿನ ಚೀಲ ಹಾಕಿಕೊಳ್ಳುತ್ತಾರೆ. ಮರಳಿನ ಚೀಲ ಫೋಟೋದಲ್ಲಿ ಚೆನ್ನಾಗಿ ಕಾಣುವುದಿಲ್ಲ ಎಂದು ಟ್ರಕ್ಕಣ್ಣ ಹಾಕಿರಲಿಲ್ಲ.

ಆದರೂ ಅವನ ಮುಖದಲ್ಲಿ ಎಂಥ ಕಳೆ ಅಂತೀರಿ! ಕೈಗವಸು ಹಾಕಿ, ಸಿಕ್ಕಿಕೊಂಡ ಚಕ್ರದಡಿ ತೂರಿಸುವ ಆ ಕಿತ್ತಳೆ ಹಲಗೆಗಳ ಹತ್ತಿರ ನಡೆದ, ನಿಂತ, ಜೇಬು ಮುಟ್ಟಿಕೊಂಡ. ಕಳ್ಳರ ಭಯಕ್ಕೆ ಹಲಗೆಗಳಿಗೆ ಬೀಗ ಹಾಕಿತ್ತು. ಬೀಗದ ಕೈ ಅಡುಗೆಮನೆಯ ಮೊಳೆಯಲ್ಲಿತ್ತು. ಹೆಂಡತಿಗೆ ಫೋನ್ ಮಾಡೋಣವೆಂದರೆ ಸಿಗ್ನಲ್ಲಿಲ್ಲ; ಇದ್ದಿದ್ದರೂ ಮಾಡುತ್ತಿರಲಿಲ್ಲ ಬಿಡಿ.

ಅಷ್ಟರಲ್ಲಿ ಕಾಲಿಗೆ ಸ್ನೋಶೂ ಕಟ್ಟಿಕೊಂಡ ಮುದುಕರೊಬ್ಬರು ನಾಯಿಯೊಂದಿಗೆ ನಮ್ಮನ್ನು ದಾಟಿ ಮುಂದೆ ಹೋದರು. ಹೋದವರು ಹಿಂತಿರುಗಿ, ಅಮ್ಮ ಹೀಟರ್ ಹಾಕಿಕೊಂಡು ಕೂತದ್ದನ್ನು ಕಂಡು, ಸೈಲೆನ್ಸರಿನ ಬಾಯಿ ಹಿಮದಲ್ಲಿ ಹೂತಿದೆ, ಮೊದಲು ಎಂಜಿನ್ ಆರಿಸಿ, ವಿಷಗಾಳಿ ಒಳಗೆ ತುಂಬಿದರೆ ಗೊತ್ತೇ ಆಗುವುದಿಲ್ಲ ಎಂದರು. ಟ್ರಕ್ಕಣ್ಣ ‘ಗೊತ್ತು, ಗೊತ್ತು’ ಅನ್ನುತ್ತ ಓಡಿಹೋಗಿ ಆರಿಸಿದ. ಗೊತ್ತಿತ್ತು, ಪಾಪ.

ಅಮ್ಮ ಕೆಳಗಿಳಿದರು. ಶಾಲನ್ನು ಸೊಂಟಕ್ಕೆ ಬಿಗಿದು ಟೈರನ್ನು ಒಮ್ಮೆ ಕಾಲಿನಿಂದ ಒದ್ದರು. ಮಳೆಗಾಲದ ಕೆಸರಿನಲ್ಲಿ ಚಕ್ರಕ್ಕೆ ಚೈನು ಕಟ್ಟಿ ಕಾಫಿ ಮೂಟೆ, ಹತ್ತಾರು ಆಳು ಎಲ್ಲ ಹೇರಿಕೊಂಡು ಹತ್ತುವ ತೋಟದ ಜೀಪುಗಳನ್ನು ನೋಡಿ ಬಾಳಿದವರು ಅವರು.

‘ಚೈನು ಇಲ್ವಾ?’

‘ಆರ್ಡರ್ ಆಗಿದೆ.’

‘ಎಷ್ಟು ಗಾಳಿ ಉಂಟು?’

‘ಮೂವತ್ತೈದು.’

‘ಹಂಗಾರೆ ಇದು ಕಲ್ಲು ಆಗೈತೆ. ಅರ್ಧ ಬಿಡು.’

ಪಕ್ಕದ ಪೈನ್ ಮರದಿಂದ ಒಂದು ಕಡ್ಡಿ ಮುರಿದು ವಾಲ್ವಿನ ಮೊನೆ ಒತ್ತಿ ಹಿಡಿದರು. ಚಳಿಗೆ ಗಾಳಿ ಸುಯ್ಯೆಂದು ಬಹಳ ಹೊತ್ತು ಹೊರಬಂತು. ನಾವಿಬ್ಬರು, ಮುದುಕರು, ಕೊನೆಗೆ ನಾಯಿಯೂ ಸೇರಿ ಗಾಡಿಯ ಹೊಟ್ಟೆಯಡಿಯ ಹಿಮ ತೋಡಿದೆವು. ನಾಯಿಯ ಕೆಲಸವೇ ಹೆಚ್ಚು; ಟ್ರಕ್ಕಣ್ಣನ ಸಲಿಕೆ ಮಡಚುವ ಜಾತಿಯದು, ಒತ್ತಿದಾಗಲೆಲ್ಲ ಮಡಚಿಕೊಳ್ಳುತ್ತಿತ್ತು. 18 ಪಿಎಸ್‌ಐಗೆ ಇಳಿದ ಟೈರುಗಳ ಮೇಲೆ, ಬಂದ ಗೀರಿನಲ್ಲೇ ಹಿಂದಕ್ಕೆ ಇಂಚು ಇಂಚಾಗಿ ಗಾಡಿ ಬಂತು. ಹೋದಷ್ಟೂ ದೂರ ರಿವರ್ಸ್. ಇಳಿಜಾರಿನಲ್ಲಿ ಅವನು ಒಮ್ಮೆ ಬ್ರೇಕ್ ಒತ್ತಿದ್ದಕ್ಕೆ ಅಮ್ಮ ಗದರಿಸಿಕೊಂಡರು. ಹೊರಡುವಾಗ ನಾಲ್ಕು ಚಕ್ರ ಎಳೆಯುತ್ತದೆ ಸರಿ, ನಿಲ್ಲುವಾಗ ಯಾವ ಗಾಡಿಗಾದರೂ ಇರುವುದು ಅದೇ ನಾಲ್ಕು.

ಟಾರು ರಸ್ತೆ ಸೇರಿದ ಮೇಲೆ ಟೈರಿಗೆ ಮತ್ತೆ ಗಾಳಿ ತುಂಬಲು ಕಂಪ್ರೆಸರ್ ಮೊದಲ ಸಲ ಪೆಟ್ಟಿಗೆಯಿಂದ ಹೊರಬಂತು. ಅದರ ಸದ್ದು ಕೇಳುತ್ತ ಟ್ರಕ್ಕಣ್ಣ ಪೂರ್ತಿ ಚೇತರಿಸಿಕೊಂಡ. ಮುಂದಿನ ಶನಿವಾರದ ಊಟದಲ್ಲಿ ಹಿಮ ಸೊಂಟದವರೆಗೆ ಬಂದಿತ್ತು. ಮುದುಕರು ಇರಲಿಲ್ಲ, ನಾಯಿ ಇರಲಿಲ್ಲ, ಕಡ್ಡಿ ಮೊದಲೇ ಇರಲಿಲ್ಲ. ‘ಗಾಳಿ ಇಳಿಸೋದೇ ಎಲ್ಲಕ್ಕೂ ಮೂಲ ಗುರು’ ಎಂದು ಹೋಳಿಗೆ ಮುರಿಯುತ್ತ ಉಪದೇಶ ಮಾಡಿದ.

ಅಮ್ಮ ಊರಿಗೆ ಹೊರಡುವ ಮುಂಚೆ ಬಾಗಿಲಿಗೆ ಒಂದು ಪುಟ್ಟ ಪೊಟ್ಟಣ ಬಂತು. ಒಳಗೆ ಹಿತ್ತಾಳೆಯ ನಾಲ್ಕು ಬಿರಡೆ. ವಾಲ್ವಿಗೆ ತಿರುಪಿಟ್ಟರೆ ಗಾಳಿಯನ್ನು ಬೇಕಾದಷ್ಟು ಬಿಟ್ಟು ತಾವೇ ನಿಂತುಕೊಳ್ಳುತ್ತವಂತೆ. ಅಮ್ಮ ಒಂದನ್ನು ಅಂಗೈಯಲ್ಲಿಟ್ಟು ತಿರುಗಿಸಿ ನೋಡಿದರು. ಬೆಲೆ ಕೇಳಿದರು. ಬೆರಳು ಮಡಚಿ ರೂಪಾಯಿಗೆ ಲೆಕ್ಕ ಹಾಕಿದರು. ಇನ್ನೊಮ್ಮೆ ಹಾಕಿದರು.

‘ಅಲ್ಲ ಮಗ, ನಮ್ಮ ಪಂಕ್ಚರ್ ಅಂಗಡಿಯವನು ತುಂಬಿಸಕ್ಕೇ ಹತ್ತು ರೂಪಾಯಿ ತಗೊಳ್ಳೋದು. ಬಿಡಕ್ಕೆ ಇಷ್ಟಾ?’