ಅಳತಿ ಮಾಸ್ತರರ ಶೌಚಪೆಟ್ಟಿಗೆ

ಹಿರೇಹಂದಿಗೋಳದಲ್ಲಿ ಯಾರಾದರೂ ಹೊಸ ಕೊಡೆಯನ್ನೋ, ಬೋರಿಗೆ ಪಂಪುಸೆಟ್ಟನ್ನೋ, ಮಗಳ ಮದುವೆಗೆ ತಾಮ್ರದ ಹಂಡೆಯನ್ನೋ ಕೊಳ್ಳಬೇಕಾಗಿ ಬಂದಾಗ ಆ ಸುದ್ದಿ ಅಳತಿ ಮಾಸ್ತರರ ಕಿವಿಗೆ ಬೀಳದಂತೆ ಎಚ್ಚರ ವಹಿಸುವುದು ರೂಢಿ. ಏಕೆಂದರೆ ಬಿದ್ದ ಮೇಲೆ ಆ ವಸ್ತು ಸರ್ವಾಂಗಸುಂದರವಾಗಿ ಆಯ್ಕೆಗೊಳ್ಳುವುದು ನಿಶ್ಚಯವಾದರೂ, ಅದು ಮನೆಗೆ ಬರುವ ಹೊತ್ತಿಗೆ ಮಳೆಗಾಲ ಕಳೆದು, ಬೋರು ಬತ್ತಿ, ಮಗಳಿಗೆ ಮಗುವಾಗಿ ತೊಟ್ಟಿಲಿನ ಚಿಂತೆ ಮೊದಲಾಗಿರುವುದೂ ಅಷ್ಟೇ ನಿಶ್ಚಯ. ಮಾಸ್ತರರಿಗೆ ತಂದೆತಾಯಿಗಳು ಇಟ್ಟ ಹೆಸರೊಂದು ಇದ್ದೇ ಇದೆ. ಗದಗಿನ ಪ್ರೌಢಶಾಲೆಯೊಂದರಲ್ಲಿ ಗಣಿತ ಬೋಧಿಸಿ, ನಿವೃತ್ತರಾಗಿ ಹಿರಿಯರ ಮನೆಗೆ ಮರಳಿದಂದಿನಿಂದ ಅವರ ಅಂಗಿಯ ಕಿಸೆಯಲ್ಲಿ ಉಕ್ಕಿನ ಟೇಪೊಂದು ಕಾಯಂ ನಿವಾಸಿಯಾಗಿರುವ ಕಾರಣ, ಊರವರು ಆ ಹೆಸರನ್ನು ರೇಷನ್ ಕಾರ್ಡಿಗೆ ಬಿಟ್ಟುಕೊಟ್ಟು ಈ ಹೆಸರನ್ನು ಬಳಕೆಗೆ ಇಟ್ಟುಕೊಂಡಿರುವರು.

ಈ ಪಂಗಡದ ಮಹನೀಯರು ನಮ್ಮ ಊರಿಗೆ ಮಾತ್ರ ಮೀಸಲಾದವರೆಂದು ಭಾವಿಸತಕ್ಕದ್ದಲ್ಲ. ಚಷ್ಮಾ ಕೊಳ್ಳಲು ಹೊರಟು ನೇತ್ರಶಾಸ್ತ್ರದಲ್ಲಿ ಮುಳುಗಿಹೋದವರೊಬ್ಬರು ಮುಂಡರಗಿಯಲ್ಲಿರುವರು. ಗಾದಿ ಹೊಲಿಸುವ ಮುನ್ನ ಹತ್ತಿಯ ತಳಿಗಳ ಇತಿಹಾಸವನ್ನು ಕೆದಕಲು ಹೋಗಿ ಇಂದಿಗೂ ಚಾಪೆಯ ಮೇಲೆಯೇ ಪವಡಿಸುತ್ತಿರುವವರೊಬ್ಬರು ಲಕ್ಷ್ಮೇಶ್ವರದಲ್ಲಿರುವರು. ಇವರನ್ನು ಜಿಪುಣರೆನ್ನುವುದು ಅನ್ಯಾಯ. ಹಣ ತೆರಲು ಅವರು ಸದಾ ಸಿದ್ಧರು. ಆದರೆ ಒಂದನ್ನು ಕೊಂಡ ಕ್ಷಣದಲ್ಲಿ ಉಳಿದ ಹತ್ತೊಂಬತ್ತೂ ಕೈತಪ್ಪಿ ಹೋಗುವವಲ್ಲಾ ಎಂಬ ವ್ಯಥೆಯನ್ನು ತಾಳಲಾರರು, ಅಷ್ಟೆ. ಕೊಳ್ಳುವವರೆಗೆ ಇಪ್ಪತ್ತೂ ಅವರವೇ ಆಗಿರುತ್ತವೆ.

ಮಾಸ್ತರರ ಬಾಳಿನ ಮಹಾಪರೀಕ್ಷೆ ಒದಗಿದ್ದು ಒಂದು ಓಮ್ನಿಯ ರೂಪದಲ್ಲಿ. 1984ರಲ್ಲಿ ರಸ್ತೆಗಿಳಿದು, ಶಾಲೆಯ ಮಕ್ಕಳನ್ನೂ ಮದುವೆಯ ದಿಬ್ಬಣವನ್ನೂ ಆಸ್ಪತ್ರೆಯ ರೋಗಿಯನ್ನೂ ಭೇದವೆಣಿಸದೆ ಹೊತ್ತು, 2019ರಲ್ಲಿ ತಯಾರಿಕೆ ನಿಂತುಹೋದ ಆ ಮಾರುತಿ ವಾಹನಗಳಲ್ಲಿ ಒಂದನ್ನು ಬೆಂಗಳೂರಿನ ಸೋದರಳಿಯನು, ನಿಲ್ಲಿಸಲು ಜಾಗವಿಲ್ಲವೆಂಬ ನೆವದಿಂದ, ಮಾವನ ಅಂಗಳಕ್ಕೆ ತಂದುಬಿಟ್ಟು, ಗಾಡಿಯನ್ನೇ ಮನೆ ಮಾಡಿಕೊಂಡು ದೇಶ ಸುತ್ತುವ ದಂಪತಿಗಳ ವೀಡಿಯೊಗಳನ್ನು ಮೊಬೈಲಿನಲ್ಲಿ ತೋರಿಸಿ ಹೋದನು. ಹಿಂದಿನ ಸೀಟುಗಳು ಕಳಚಿ ಕಟ್ಟೆಗೆ ಬಂದವು. ಪ್ಲೈವುಡ್ಡಿನ ಮಂಚವೊಂದು ಒಳಸೇರಿತು. ಬೆಟಗೇರಿಯ ಕೈಮಗ್ಗದ ಬಟ್ಟೆಯಿಂದ ಪರದೆಗಳಾದವು. ಮೊದಲು ಸವದತ್ತಿಯ ಎಲ್ಲಮ್ಮನ ಗುಡ್ಡ, ಬಳಿಕ ಪಂಢರಪುರ, ಕಡೆಗೆ ಕಾಶಿ ಎಂದು ಮಾರ್ಗವೂ ನಿರ್ಣಯವಾಯಿತು. ಆಗ ಅವರ ಮಡದಿ, ಅಡಿಗೆಮನೆಯಿಂದಲೇ, ಒಂದು ಷರತ್ತನ್ನು ಹಾಕಿದರು.

“ನೋಡ್ರಿ, ಕಾಶಿಗೂ ಬರ್ತೀನಿ, ರಾಮೇಶ್ವರಕ್ಕೂ ಬರ್ತೀನಿ. ಗಾಡ್ಯಾಗ ಸಂಡಾಸ ಇಲ್ಲಂದ್ರ ಎಲ್ಲಮ್ಮನ ಗುಡ್ಡಕ್ಕೂ ಬರಂಗಿಲ್ಲ.”

ಈ ಷರತ್ತನ್ನು ಹೆಣ್ಣುಮಕ್ಕಳ ಹಟವೆಂದು ನಗುವವರು ನಮ್ಮ ಸೀಮೆಯ ಜಾತ್ರೆಯ ಹಾದಿಯನ್ನು ಕಂಡವರಲ್ಲ. ಹಿರಿಯರು ಭಾರತ ಹುಣ್ಣಿಮೆಗೆ ಕೊಲ್ಲಾರಿ ಬಂಡಿ ಕಟ್ಟಿ, ರೊಟ್ಟಿಯ ಗಂಟನ್ನೂ ಶೇಂಗಾ ಚಟ್ನಿಯನ್ನೂ ಹೇರಿಕೊಂಡು ಗುಡ್ಡಕ್ಕೆ ಹೋಗುತ್ತಿದ್ದ ಕಾಲವನ್ನು ಗಂಡಸರು ಬಹು ರಸವತ್ತಾಗಿ ವರ್ಣಿಸುವರು. ಅದೇ ಬಂಡಿಯಲ್ಲಿದ್ದ ಹೆಂಗಸರು ಹೊತ್ತು ಮೂಡುವ ಮೊದಲು ಒಮ್ಮೆ, ಹೊತ್ತು ಮುಳುಗಿದ ಮೇಲೆ ಒಮ್ಮೆ ಎಂದು ದೇಹಕ್ಕೆ ಕಟ್ಟುಮಾಡಿ, ನಡುವಣ ಬಿಸಿಲಿನಲ್ಲಿ ನೀರನ್ನೇ ಕುಡಿಯದೆ ಕುಳಿತಿರುತ್ತಿದ್ದುದನ್ನು ವರ್ಣಿಸಿದ ಗಂಡಸನ್ನು ನಾನು ಕಾಣೆ. ಮರೆಗೆ ಸಿಗುತ್ತಿದ್ದುದು ಬಳ್ಳಾರಿ ಜಾಲಿಯ ಕಂಟಿ. ಮುಳ್ಳು ಅದರ ಬಾಡಿಗೆ. ಮಳೆಗಾಲದಲ್ಲಾದರೆ ನಮ್ಮ ಎರಿ ಹೊಲಗಳಲ್ಲಿ ಚರಗಿ ಹಿಡಿದು ಹತ್ತು ಹೆಜ್ಜೆ ಇಡುವಷ್ಟರಲ್ಲಿ ಚಪ್ಪಲಿಗೆ ಮೆತ್ತಿದ ಮಣ್ಣು ಚಪ್ಪಲಿಗಿಂತ ಭಾರವಾಗಿ, ಹೋದವರು ಹಗುರಾಗಿ ಮರಳುವ ಪ್ರಶ್ನೆಯೇ ಇರಲಿಲ್ಲ.

ಮಾಸ್ತರರಿಗೆ ಈ ಷರತ್ತನ್ನು ತಳ್ಳಿಹಾಕುವ ನೈತಿಕ ಅಧಿಕಾರವೂ ಇರಲಿಲ್ಲ. 2014ರ ಅಕ್ಟೋಬರ್ 2ರಂದು ಸ್ವಚ್ಛ ಭಾರತ ಅಭಿಯಾನ ಮೊದಲಾಗಿ, ಮನೆಗೊಂದು ಶೌಚಾಲಯಕ್ಕೆ 12,000 ರೂಪಾಯಿಯ ಸಹಾಯಧನ ಬರತೊಡಗಿದಾಗ, ಕೊರಳಿಗೆ ಸೀಟಿ ಕಟ್ಟಿಕೊಂಡು ನಸುಕಿನಲ್ಲಿ ಹೊಲದ ಬದುವಿಗೆ ನಿಂತು ಚರಗಿಧಾರಿಗಳ ಧ್ಯಾನಭಂಗ ಮಾಡಿದವರಲ್ಲಿ ಇವರೇ ಅಗ್ರಗಣ್ಯರು. ಆಗ ಕಟ್ಟಿಸಿದ ಸಂಡಾಸದಲ್ಲಿ ಕುಳ್ಳು ಕಟಗಿ ಒಟ್ಟಿಕೊಂಡಿದ್ದ ನೆರೆಮನೆಯ ರೈತನು ಈಗ ಓಮ್ನಿಯ ಸುತ್ತ ಒಂದು ಪ್ರದಕ್ಷಿಣೆ ಬಂದು, “ಮಾಸ್ತರ, ನಮ್ಮ ಚರಗಿ ಕಸಗೊಂಡ್ರಿ, ಈಗ ನೀವ ಡಬ್ಬಿ ಹುಡುಕಾಕತ್ತೀರಿ ನೋಡ್ರಿ,” ಎಂದು ಬಹುಕಾಲದ ಬಾಕಿಯನ್ನು ತೀರಿಸಿಕೊಂಡನು.

ಶೋಧನೆ ಶಾಸ್ತ್ರಗಳಿಂದ ಮೊದಲಾಯಿತು. ನೆಲವನ್ನು ಹುಲ್ಲು, ಎಲೆ, ಕಟ್ಟಿಗೆಗಳಿಂದ ಮುಚ್ಚಿ, ಹಗಲಾದರೆ ಉತ್ತರಾಭಿಮುಖವಾಗಿ, ಇರುಳಾದರೆ ದಕ್ಷಿಣಾಭಿಮುಖವಾಗಿ ವಿಸರ್ಜನೆ ಮಾಡಬೇಕೆಂದು ಮನುಸ್ಮೃತಿ ವಿಧಿಸುವುದನ್ನು ಕಂಡು, ಸಂಚರಿಸುವ ಗಾಡಿಯಲ್ಲಿ ದಿಕ್ಕು ತಿರುವಿಗೊಮ್ಮೆ ಬದಲಾಗುವುದರಿಂದ ದಿಕ್ಸೂಚಿಯೊಂದು ಅವಶ್ಯವೆಂದು ಬರೆದುಕೊಂಡರು. ವಾಸಸ್ಥಾನದಿಂದ ಒಂದು ಬಾಣಪ್ರಯೋಗದಷ್ಟು ದೂರ, ನೈರೃತ್ಯಕ್ಕೆ, ಹೋಗಬೇಕೆಂಬುದು ವಿಷ್ಣುಪುರಾಣದ ವಿಧಿ. ನೀರಿನ ತಾಣದಿಂದ 200 ಅಡಿ ಸರಿದು, 6ರಿಂದ 8 ಅಂಗುಲದ ಗುಣಿ ತೋಡಿ ಮುಚ್ಚಬೇಕೆಂಬುದು ಇಂದಿನ ಅಮೆರಿಕದ ಗುಡ್ಡಗಾಡಿನ ಪಥಿಕರ ವಿಧಿ. ಎರಡೂ ಒಂದೇ ಎಂದು ನಾನೆಂದಾಗ ಮಾಸ್ತರರು ಒಪ್ಪಲಿಲ್ಲ. ಬಾಣ ಯಾರದು ಎಂಬುದು ಇತ್ಯರ್ಥವಾಗಬೇಡವೇ? ಕುಮಾರವ್ಯಾಸನು ವೀರನಾರಾಯಣನ ಸನ್ನಿಧಿಯಲ್ಲಿ ಭಾರತ ಬರೆದ ನಾಡಿನವರಿಗೆ ಬಾಣವೆಂದರೆ ಪಾರ್ಥನ ಬಾಣವೇ ಆಗಿ, ಆ ಲೆಕ್ಕದಲ್ಲಿ ಗದಗಿನಲ್ಲಿ ತಂಗಿದವನು ಚರಗಿ ಹಿಡಿದು ಶಿರಹಟ್ಟಿಯವರೆಗಾದರೂ ನಡೆಯಬೇಕಾದೀತು ಎಂಬುದು ಅವರ ಆಕ್ಷೇಪ.

1909ರಲ್ಲಿ ಹಲಸಿನ ಹಣ್ಣು ತಿಂದು ಹೊಟ್ಟೆಯುಬ್ಬರಿಸಿ, ಅಹಮದ್‌ಪುರ ನಿಲ್ದಾಣದಲ್ಲಿಳಿದು ಕುಳಿತಿದ್ದಾಗ ಗಾರ್ಡನು ಸೀಟಿಯೂದಲು, ಒಂದು ಕೈಯಲ್ಲಿ ಲೋಟಾ, ಇನ್ನೊಂದರಲ್ಲಿ ಧೋತರ ಹಿಡಿದು ಓಡಿ ಬಿದ್ದು, ರೈಲನ್ನೂ ಮಾನವನ್ನೂ ಒಟ್ಟಿಗೆ ಕಳೆದುಕೊಂಡ ಓಖಿಲ್ ಚಂದ್ರ ಸೇನರು ಸಾಹಿಬಗಂಜಿನ ರೈಲ್ವೆ ಕಚೇರಿಗೆ ಬರೆದ ದೂರುಪತ್ರ ಜಗತ್ಪ್ರಸಿದ್ಧವಷ್ಟೆ. ಕೆಳವರ್ಗದ ಡಬ್ಬಿಗಳಿಗೆ ಶೌಚಾಲಯ ಬಂದದ್ದು ಆ ಪತ್ರದ ಪುಣ್ಯದಿಂದಲೆಂದು ಹೇಳುವರು. ಓದಿದವರೆಲ್ಲ ನಕ್ಕರು, ಮಾಸ್ತರರು ಮಾತ್ರ, ಸೇನರು ಪತ್ರದಲ್ಲಿ ಶೌಚಾಲಯದ ಉದ್ದಗಲಗಳನ್ನು ಸೂಚಿಸದೆ ಹೋದದ್ದು ದೊಡ್ಡ ಲೋಪವೆಂದರು.

ಬಳಿಕ ನೋಟುಬುಕ್ಕಿಗೆ ಗೆರೆ ಎಳೆದು, ಲೋಕದಲ್ಲಿರುವ ಸಂಚಾರಿ ಶೌಚಪೆಟ್ಟಿಗೆಗಳನ್ನೆಲ್ಲ ಕರೆದು ಸಾಲಾಗಿ ನಿಲ್ಲಿಸಲಾಯಿತು. ಮೊದಲು ನಿಂತದ್ದು ಅಮೆರಿಕದ ಥೆಟ್‌ಫರ್ಡ್ ಸಂಸ್ಥೆ 1960ರ ದಶಕದಲ್ಲಿ ರೂಢಿಗೆ ತಂದ ಪೋರ್ಟಾ ಪಾಟಿ: ಮೇಲೆ ಪೀಠ ಮತ್ತು ತೊಳೆಯುವ ನೀರಿನ ತೊಟ್ಟಿ, ಕೆಳಗೆ ಮಲದ ತೊಟ್ಟಿ, ನಡುವೆ ವಾಸನೆಯನ್ನು ತಡೆಯುವ ಜಾರು ಬಾಗಿಲು. ಅದರಲ್ಲಿ ದೊಡ್ಡದು 21 ಲೀಟರು ಹಿಡಿಯುತ್ತದೆ, ಆದರೆ 41 ಸೆಂಟಿಮೀಟರ್ ಎತ್ತರ; ಚಿಕ್ಕದು ಸುಮಾರು 31 ಸೆಂಟಿಮೀಟರಿನದು, ಆದರೆ ಹಿಡಿಯುವುದು 10 ಲೀಟರು ಮಾತ್ರ. ಮಂಚದ ಕೆಳಗಿನ ತೆರಪು 33. ಚಿಕ್ಕದೇ ಸರಿಯೆಂದು ಯಾರಾದರೂ ಅಲ್ಲಿಗೆ ಮುಗಿಸುತ್ತಿದ್ದರು. ಮಾಸ್ತರರು ಮೊದಲು ಮಂಚವನ್ನು ಎತ್ತರಿಸಿ ನೋಡಿ, ಮಲಗಿದವರ ಮೂಗು ಛಾವಣಿಗೆ ತಾಗುವುದನ್ನು ಮಡದಿಯ ಮೂಗಿನಿಂದಲೇ ಖಚಿತಪಡಿಸಿಕೊಂಡು, ಮಂಚವನ್ನು ಮತ್ತೆ ಇಳಿಸಿದರು.

ಇಲ್ಲಿ ಅವರ ಗಣಿತಕ್ಕೆ ನ್ಯಾಯ ಸಲ್ಲಿಸಲೇಬೇಕು. ಪಾಶ್ಚಾತ್ಯ ತಯಾರಕರ ಲೆಕ್ಕದಲ್ಲಿ ಅಡಗಿದ್ದ ಒಂದು ದೋಷವನ್ನು ಅವರು ಹಿಡಿದುಬಿಟ್ಟರು. 10 ಲೀಟರಿನ ತೊಟ್ಟಿ ಇಬ್ಬರಿಗೆ ಎರಡು ದಿನ ಸಾಲುವುದೆಂಬ ಮಾತು ಕಾಗದದಿಂದ ಒರಸಿಕೊಳ್ಳುವ ಜನಾಂಗಕ್ಕೆ ಸತ್ಯ. ಸತಿಪತಿಗಳ ಮೂತ್ರವೇ ದಿನಕ್ಕೆ ಮೂರು ಲೀಟರಿನಷ್ಟಾಗುವಲ್ಲಿ, ಪ್ರತಿ ಸಲವೂ ಒಂದು ಚರಗಿ ನೀರು ಅದಕ್ಕೆ ಕೂಡಿಕೊಂಡರೆ, ಸವದತ್ತಿ ಮುಟ್ಟುವ ಮುನ್ನವೇ ಡಬ್ಬಿ ತುಂಬಿ ತುಳುಕುವುದು. ಕಾಗದ ಬಳಸಬಹುದಲ್ಲ ಎಂದ ಸೋದರಳಿಯನಿಗೆ ಅತ್ತೆಯಿಂದ ದೊರೆತ ಉತ್ತರವನ್ನು ಮಾಸಪತ್ರಿಕೆಯಲ್ಲಿ ಅಚ್ಚು ಹಾಕಿಸುವಂತಿಲ್ಲ. ಕುಕ್ಕರಗಾಲಿನಲ್ಲಿ ಕೂಡುವ ಅಭ್ಯಾಸದ ಪ್ರಶ್ನೆ ಬೇರೆ. ಅಷ್ಟೇ ಎತ್ತರದ ಮಣೆಯ ಮೇಲೆ ಗಾಡಿಯೊಳಗೆ ಕುಕ್ಕರಿಸಿ ಪ್ರಯೋಗ ಮಾಡಿದ ಮಾಸ್ತರರು ಹಣೆಗೆ ಅರಿಷಿಣ ಮೆತ್ತಿಕೊಂಡು ಎರಡು ದಿನ ಕಟ್ಟೆಗೆ ಬರಲಿಲ್ಲ.

ಎರಡನೆಯದು ಮಲಮೂತ್ರಗಳನ್ನು ಬೇರ್ಪಡಿಸಿ, ತೆಂಗಿನ ನಾರಿನ ಪುಡಿಯಲ್ಲಿ ಒಣಗಿಸಿ ಗೊಬ್ಬರದ ಹಾದಿಗೆ ಹಚ್ಚುವ ಒಣ ಪೆಟ್ಟಿಗೆ. ನಾರಿಗೆ ಬದಲಾಗಿ ಶೇಂಗಾ ಹೊಟ್ಟು ಮತ್ತು ಒಲೆಯ ಬೂದಿ ಸಾಕೆಂದು ಕಂಡುಕೊಂಡಾಗ ಅವರ ಮುಖದಲ್ಲಿ ಮೂಡಿದ ಸ್ವದೇಶೀ ತೇಜಸ್ಸು, ಅಲ್ಲಿಯೂ ಆ ಒಂದು ಚರಗಿ ನೀರು ಬಿದ್ದೊಡನೆ ಒಣಗುವ ಕಾರ್ಯವೆಲ್ಲ ಕೆಸರಾಗುವುದೆಂದು ತಿಳಿದಾಗ ನಂದಿತು. ಮೂರನೆಯದು, ನೀರನ್ನು ಹೀರಿ ಗಟ್ಟಿಮಾಡುವ ಪುಡಿಯುಳ್ಳ ಚೀಲ. ಬಳಸಿದ ಚೀಲವನ್ನು ಏನು ಮಾಡುವುದೆಂಬ ಅಂಕಣದಲ್ಲಿ ಪ್ರಶ್ನಾರ್ಥಕ ಚಿಹ್ನೆ ಬಿದ್ದಿದೆ. ನಾಲ್ಕನೆಯದು ಬಣ್ಣದ ಖಾಲಿ ಬಕೆಟ್ಟು, ಮುಚ್ಚಳ, ಒಂದು ಬೊಗಸೆ ಬೂದಿ. ಇದು ನಮ್ಮ ಬಡಗಿಯ ಸಲಹೆ; ತಕ್ಷಣ ದೊರೆಯುವಂಥದ್ದೂ ಅಗ್ಗದ್ದೂ ಆದ್ದರಿಂದ ವಿಚಾರಾರ್ಹವಲ್ಲವೆಂದು ತೀರ್ಮಾನವಾಯಿತು.

ವಿಲೇವಾರಿಯ ಸಮಸ್ಯೆಯನ್ನು ಮಾಸ್ತರರು ಮರೆತಿದ್ದರೆಂದಲ್ಲ. ಯುರೋಪಿನಲ್ಲಿ ಗಾಡಿಗಳು ತಂಗುವ ತಾಣಗಳಲ್ಲಿ ಡಬ್ಬಿಯನ್ನು ಬರಿದುಮಾಡಲು ಪ್ರತ್ಯೇಕ ಮೋರಿಗಳುಂಟು. ಹುಬ್ಬಳ್ಳಿಯ ಹಾದಿಯಲ್ಲಿ ಅಂಥದನ್ನು ಅವರು ಕಾಣಲಿಲ್ಲ. ವಾಸನೆಯನ್ನಡಗಿಸುವ ಹಳೆಯ ಬಗೆಯ ನೀಲಿ ದ್ರಾವಣದಲ್ಲಿ ಫಾರ್ಮಾಲ್ಡಿಹೈಡ್ ಇರುವುದರಿಂದ, ಅದು ಇಂಗುಗುಂಡಿಯಲ್ಲಿ ಮಲವನ್ನು ಮಣ್ಣಾಗಿಸುವ ಸೂಕ್ಷ್ಮಜೀವಿಗಳನ್ನೂ ಕೊಲ್ಲುವುದೆಂದು ಓದಿ, ಕೊಳೆತು ಕರಗುವ ಹಸಿರು ದ್ರಾವಣವೇ ಆಗಬೇಕೆಂದು ನಿಶ್ಚಯಿಸಿದರು. ಇನ್ನು ಪೆಟ್ರೋಲ್ ಬಂಕುಗಳ ಶೌಚಾಲಯಗಳಲ್ಲಿ ಸುರಿಯಲು ಅನುಮತಿ ದೊರೆಯುವುದೋ ಇಲ್ಲವೋ ಎಂಬುದನ್ನು ಪರೀಕ್ಷಿಸಲು, ಅದೇ ಗಾತ್ರದ ಒಂದು ಕ್ಯಾನಿಗೆ ಒಂದಷ್ಟು ಶುದ್ಧ ನೀರು ಹಾಕಿಕೊಂಡು, ಒಂದು ಬಂಕಿಗೆ ಹೋಗಿ, ವಿಷಯವನ್ನು ಯಾವ ಪದಗಳಿಂದ ಆರಂಭಿಸುವುದೆಂದು ಆಲೋಚಿಸುತ್ತ ನಿಂತಿರಲು, ಹುಡುಗನೊಬ್ಬನು ಕ್ಯಾನಿನ ಮುಚ್ಚಳಕ್ಕೆ ಕೈಹಾಕಿ, “ಎಷ್ಟ ಹಾಕ್ಲಿರಿ ಸರ, ಫುಲ್ಲೇನ್ರಿ?” ಎಂದನಂತೆ. ಎರಡು ಲೀಟರು ಡೀಸೆಲ್ ಬಿದ್ದ ನೀರನ್ನು ಎಲ್ಲಿ ಚೆಲ್ಲುವುದೆಂಬ ಹೊಸ ಸಮಸ್ಯೆಯೊಡನೆ ಮಾಸ್ತರರು ಊರಿಗೆ ಮರಳಿದರು.

ಅಂದು ರಾತ್ರಿ ಊಟಕ್ಕೆ ಬಡಿಸುತ್ತ ಮಡದಿ ಕೇಳಿದ ಪ್ರಶ್ನೆ ನೋಟುಬುಕ್ಕಿನ ಯಾವ ಅಂಕಣದಲ್ಲಿಯೂ ಇರಲಿಲ್ಲ.

“ಎಲ್ಲಾ ಬರದೀರಿ, ಖರೆ. ತುಂಬಿದ ಮ್ಯಾಲೆ ಅದನ್ನ ಹೊತಗೊಂಡು ಹೋಗಿ ಚೆಲ್ಲಾವ್ರು ಯಾರ್ರಿ?”

“ಅಲ್ಲೆ ಯಾರರೆ ಸಿಗ್ತಾರ.”

“ಯಾರರೆ ಅಂದ್ರ ಯಾರ್ರಿ?”

ಮಾಸ್ತರರು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರಂತೆ. ಬ್ರಿಟಿಷ್ ಅಧಿಕಾರಿಗಳು ಬಂಗಲೆಯಿಂದ ಬಂಗಲೆಗೆ ಹೊತ್ತು ತಿರುಗಿಸುತ್ತಿದ್ದ, ತಾವೇ ವಿನೋದಕ್ಕೆ ಥಂಡರ್ ಬಾಕ್ಸ್ ಎಂದು ಕರೆಯುತ್ತಿದ್ದ ಮರದ ಕಮೋಡು ಪೆಟ್ಟಿಗೆಯ ಗಾತ್ರದ ಬಗ್ಗೆ ಯಾರೂ ಇಷ್ಟು ತಲೆ ಕೆಡಿಸಿಕೊಂಡಿರಲಿಲ್ಲ. ಅದನ್ನು ಹೊರುವ ತಲೆಯೊಂದು ಹಿತ್ತಿಲ ಬಾಗಿಲಲ್ಲಿ ಕಾದಿರುತ್ತಿತ್ತು. ಆ ತಲೆಯ ಮೇಲಿನ ಮಲದ ಬುಟ್ಟಿಯನ್ನು ಇಳಿಸಲು ನಮ್ಮ ರಾಜ್ಯದಲ್ಲಿ 1970ರ ದಶಕದಲ್ಲಿ ಬಿ. ಬಸವಲಿಂಗಪ್ಪನವರಂಥ ಮಂತ್ರಿ ಬೇಕಾಯಿತು. ಆ ಬಳಿಕವೂ 2013ರಲ್ಲಿ ಸಂಸತ್ತು ಮತ್ತೊಂದು ಕಾಯ್ದೆ ಮಾಡಬೇಕಾಯಿತು. ಸೀಟಿಯೂದಿ ಊರಿಗೆಲ್ಲ ಶೌಚವನ್ನು ಬೋಧಿಸಿದ, ಸ್ವಭಾವತಃ ಸಜ್ಜನರಾದ ನಮ್ಮ ಮಾಸ್ತರರ ಬಾಯಿಂದ ಆ ‘ಯಾರರೆ’ ಎಷ್ಟು ಸಲೀಸಾಗಿ ಹೊರಬಿತ್ತೆಂಬುದನ್ನು ನೆನೆದರೆ, ನನಗೆ ಅವರ ಮೇಲೆ ಕೋಪಕ್ಕಿಂತ ನಮ್ಮೆಲ್ಲರ ಮೇಲೆ ನಾಚಿಕೆ ಹೆಚ್ಚಾಗಿ ಬರುತ್ತದೆ. ಅಂತೂ ಮರುದಿನ ಅವರು ನೋಟುಬುಕ್ಕಿಗೆ ‘ಹೊರುವವರು’ ಎಂಬ ಹೊಸ ಅಂಕಣವನ್ನು ಎಳೆದು, ಅದರಲ್ಲಿ, ಸೀಸದಕಡ್ಡಿಯಿಂದ, ಬಹು ಚಿಕ್ಕದಾಗಿ, ‘ಸ್ವತಃ’ ಎಂದು ಬರೆದರು. ಅಳಿಸಲು ಅನುಕೂಲವಾಗಲೆಂದು ಸೀಸದಕಡ್ಡಿ ಬಳಸಿದರೆಂಬುದು ನೆರೆಮನೆಯ ರೈತನ ವ್ಯಾಖ್ಯಾನ.

ಕೆಲವು ತೊಟ್ಟಿಗಳಿಗೆ ಗಾಲಿಯೂ, ಎಳೆದರೆ ಉದ್ದವಾಗುವ ಹಿಡಿಕೆಯೂ ಇರುವುದೆಂಬ ವಾರ್ತೆ ಆ ವಾರವೇ ಸೋದರಳಿಯನಿಂದ ಬಂದಿತು. ಮಾಸ್ತರರ ಕಳೆ ಮರಳಿತು. ಹೊರುವ ಪ್ರಶ್ನೆ ಎಳೆಯುವ ಪ್ರಶ್ನೆಯಾಗಿ ಪರಿವರ್ತಿತವಾಗಲು, ಎರಿಮಣ್ಣಿನಲ್ಲಿ ಹೂತುಕೊಳ್ಳದಿರಲು ಗಾಲಿಯ ವ್ಯಾಸ ಎಷ್ಟಿರಬೇಕು, ಪಟ್ಟಿ ಎಷ್ಟು ಅಗಲವಿರಬೇಕು ಎಂಬ ವಿಶಾಲವಾದ ಕ್ಷೇತ್ರವೊಂದು ಅವರೆದುರು ತೆರೆದುಕೊಂಡಿತು.

ಭಾರತ ಹುಣ್ಣಿಮೆಯ ಹಿಂದಿನ ದಿನ ಅವರ ಮಡದಿ ಓಣಿಯ ಹೆಂಗಸರೊಡನೆ ಸವದತ್ತಿಯ ಬಸ್ಸು ಹತ್ತಿದರು. ಕೈಯಲ್ಲಿ ರೊಟ್ಟಿಯ ಗಂಟು; ಅದರ ಜೊತೆಗೆ, ಬಡಗಿಯಿಂದ ಮುಚ್ಚಳ ಮಾಡಿಸಿಕೊಂಡ ಒಂದು ಬಣ್ಣದ ಬಕೆಟ್ಟು, ಚೀಲದ ತುಂಬ ಬೂದಿ, ಮರೆಗೆಂದು ಎರಡು ಹಳೆಯ ಸೀರೆ. ಬಸ್ಸು ಕದಲುವಾಗ ಮಾಸ್ತರರು ಕಿಟಕಿಯ ಪಕ್ಕದಲ್ಲಿ ಓಡುತ್ತ ಬಂದು, ಬಕೆಟ್ಟಿನ ಬಾಯಿಯ ಅಳತೆಯನ್ನು ಕೂಗಿ ಕೇಳಿದರು.